ಬುತ್ತಿ ಡಬ್ಬಿಯ ಮುಚ್ಚಳ: ಕಂಟ್ರಿ ಹಾಡುಗಳ ಸೀಮೆಯಲ್ಲಿ ಐದು ದಿನ

ಮೊದಲ ದಿನ, ಗುರುವಾರ

ನಮ್ಮ ಆಫೀಸಿನಲ್ಲಿ ಒಬ್ಬನಿದ್ದಾನೆ. ವಾರವಿಡೀ ನನ್ನ ಪಕ್ಕದ ಮೇಜಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾನೆ. ತಿಂಗಳಿಗೆರಡು ಶುಕ್ರವಾರ ಮಾತ್ರ ಮಧ್ಯಾಹ್ನವೇ ಉದ್ದನೆಯ ಕರಿ ಪೆಟ್ಟಿಗೆಯೊಂದನ್ನು ಕಾರಿಗೆ ಹೇರಿಕೊಂಡು ಅಟ್ಲಾಂಟಾದಿಂದ ಮಾಯವಾಗುತ್ತಾನೆ. ಪೆಟ್ಟಿಗೆಯಲ್ಲಿರುವುದು ಪೆಡಲ್ ಸ್ಟೀಲ್ ಗಿಟಾರ್. ಅವನ ಊರಿರುವುದು ವರ್ಜೀನಿಯಾದ ಕಲ್ಲಿದ್ದಲು ಸೀಮೆಯ ವೈಸ್ ಕೌಂಟಿಯಲ್ಲಿ. ಅಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಲ್ಲ ಸೇರಿ ಕಟ್ಟಿದ ಐದು ಜನರ ಬ್ಯಾಂಡ್ ಇದೆ. ಮದುವೆ, ಕೌಂಟಿ ಜಾತ್ರೆ, ನಿವೃತ್ತ ಸೈನಿಕರ ಸಂಘದ ಹಾಲ್, ಊರಿನ ಬಿಯರ್ ಅಂಗಡಿ, ಹೀಗೆ ಎರಡು ಮೂರು ತಾಸಿನ ಹಾದಿಯೊಳಗೆ ಎಲ್ಲಿ ಕರೆದರೂ ಹೋಗಿ ನುಡಿಸುತ್ತಾರೆ. ಅದರಾಚೆಗೆ ಅವರ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕೆಂಬ ಹಟವೂ ಅವರಿಗಿಲ್ಲ. ಮನೆಯಲ್ಲಿ ನಾವು ಅವನನ್ನು ಕರೆಯುವುದು ಸ್ಟೀಲಪ್ಪ ಎಂದು.

"ಜೂನ್‌ನಲ್ಲಿ ನಮ್ಮ ಒಂದು ಹಾಡಿಗೆ ವಿಡಿಯೊ ಮಾಡ್ತಿದೀವಿ, ಬಾ" ಎಂದ ಸ್ಟೀಲಪ್ಪ. ನಾನು ಧಾರವಾಡದ ಕಡೆಯವನು, ಗೀಗೀ ಮೇಳದ ಸವಾಲ್ ಜವಾಬ್ ಕೇಳುತ್ತ ಜಾತ್ರೆಯಲ್ಲೇ ನಿದ್ದೆ ಹೋದವನು. ಯಾರು ಯಾರನ್ನು ಕೊಂದರು, ಯಾವ ಸೊಸೆ ಕೆರೆಗೆ ಹಾರವಾದಳು ಎಂದು ಕಥೆ ಹೇಳದ ಹಾಡು ನನಗೆ ಹಾಡೇ ಅಲ್ಲ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಹಿಡಿಸಿದ್ದೂ ಅದಕ್ಕೇ. ಈಗೀಗ ನಮ್ಮ ಕಡೆಯ ಹುಡುಗರೂ ಜಾನಪದ ಹಾಡಿಗೆ ವಿಡಿಯೊ ಮಾಡಿ ಯೂಟ್ಯೂಬಿಗೆ ಬಿಡುತ್ತಾರೆ. ಅಲ್ಲಿ ಟ್ರ್ಯಾಕ್ಟರ್, ಇಲ್ಲಿ ಪಿಕಪ್ ಟ್ರಕ್, ಅಷ್ಟೇ ಫರಕು. ಒಪ್ಪಿದೆ. ಹೇಗೂ ಹೋಗುವುದು ಹೋಗುತ್ತೇವೆ, ಕಂಟ್ರಿ ಹಾಡುಗಳ ದೊಡ್ಡ ಪೇಟೆ ನ್ಯಾಶ್‌ವಿಲ್ ಸುತ್ತಿಕೊಂಡೇ ಹೋಗೋಣ ಎಂದು ನಮ್ಮಾಕಿ ಐದು ದಿನದ ಪಟ್ಟಿ ಹಾಕಿದಳು.

ಅಟ್ಲಾಂಟಾದಿಂದ ನ್ಯಾಶ್‌ವಿಲ್‌ಗೆ ಸುಮಾರು 250 ಮೈಲಿ. ಚಾಟನೂಗಾದಲ್ಲಿ ಪೆಟ್ರೋಲ್ ಹಾಕಿಸುವಾಗ ನಮ್ಮಾಕಿ ಒಂದು ಮೂನ್‌ಪೈ ಕೊಂಡಳು. ಎರಡು ಬಿಸ್ಕತ್ತಿನ ನಡುವೆ ಮಾರ್ಷ್‌ಮ್ಯಾಲೊ, ಮೇಲೆ ಚಾಕೊಲೇಟ್. 1917ರಿಂದ ಈ ಊರಿನದೇ ಬೇಕರಿಯ ತಿನಿಸು. ಗಣಿ ಕೆಲಸಗಾರರು 'ತಿನ್ನಲು ಗಟ್ಟಿಯಾಗಿ ಏನಾದರೂ ಬೇಕು' ಎಂದು ಕೇಳಿದ್ದಕ್ಕೆ ಹುಟ್ಟಿದ್ದು ಎಂಬ ಕಥೆಯಿದೆ. "ಏನ್ ಸಿಹಿ ಮಾರಾಯ್ರ" ಎಂದು ಅರ್ಧ ಮುರಿದು ತಿಂದು, ಉಳಿದರ್ಧ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಳು. ಮಾಂಟೀಗಲ್ ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಫೋನಿನ ಗಡಿಯಾರ ತಾನಾಗಿಯೇ ಒಂದು ತಾಸು ಹಿಂದಕ್ಕೆ ಸರಿದಿತ್ತು. ಒಂದು ತಾಸು ಲಾಭವಾಯಿತು ಎಂದೆ. "ನಾಳೆ ಪೂರ್ವಕ್ಕ ಹೊಂಟ್ವಿ ಅಂದ್ರ ತಿರುಗಿ ಕೊಡಬೇಕಲ್ರೀ" ಎಂದಳು.

ಸಂಜೆ ಲೋವರ್ ಬ್ರಾಡ್‌ವೇ. ಇಡೀ ಬೀದಿ ಬಾರುಗಳು, ಒಂದೊಂದು ಬಾರಿಗೆ ಮೂರು ನಾಲ್ಕು ಮಹಡಿ, ಮಹಡಿಗೊಂದು ಬ್ಯಾಂಡ್. ಎಲ್ಲ ಕಿಟಕಿಯೂ ತೆರೆದೇ ಇರುವುದರಿಂದ ಕಾಲುದಾರಿಯಲ್ಲಿ ನಿಂತವನಿಗೆ ಒಂದೇ ಸಲಕ್ಕೆ ಆರು ಹಾಡು ಕೇಳುತ್ತವೆ. ಒಳಗೆ ಹೋಗಲು ದುಡ್ಡಿಲ್ಲ. ವೇದಿಕೆಯ ಮುಂದೆ ಒಂದು ಬಕೆಟ್ ಇಟ್ಟಿರುತ್ತಾರೆ, ನುಡಿಸುವವರ ಹೊಟ್ಟೆ ತುಂಬಿಸುವುದು ಅದು. ನೋಟು ಹಾಕಿ ಬೇಕಾದ ಹಾಡು ಕೇಳಬಹುದು, ಬಯಲಾಟದಲ್ಲಿ ಆಯೇರಿ ಕೊಟ್ಟ ಹಾಗೆ.

ಟೂಟ್ಸೀಸ್ ಎಂಬ ಬಾರಿನಲ್ಲಿ ಕೂತಾಗ ಒಂದು ಸಂಗತಿ ಕಂಡಿತು. ಹಾಡು ಶುರುವಾಗುವ ಮೊದಲು ಗಾಯಕ ಬೆನ್ನಹಿಂದೆ ಕೈ ಹಿಡಿದು ಬೆರಳು ತೋರಿಸುತ್ತಾನೆ: ಒಂದು, ನಾಲ್ಕು, ಐದು. ಅದು ನ್ಯಾಶ್‌ವಿಲ್‌ನ ಸಂಖ್ಯಾ ಪದ್ಧತಿ. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಎಂಬ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಸ್ಟುಡಿಯೊ ಕೆಲಸಕ್ಕೆಂದು ರೂಢಿಸಿದ್ದು. ಸ್ವರದ ಹೆಸರು ಬರೆಯುವುದಿಲ್ಲ, ಶ್ರುತಿಯಿಂದ ಎಷ್ಟನೆಯದು ಎಂದಷ್ಟೇ ಬರೆಯುತ್ತಾರೆ. ಗಾಯಕನ ಗಂಟಲಿಗೆ ತಕ್ಕಂತೆ ಶ್ರುತಿ ಏರಿಸಿದರೂ ಇಳಿಸಿದರೂ ಅಂಕಿ ಬದಲಾಗುವುದಿಲ್ಲ. ಹಾರ್ಮೋನಿಯಂ ಮಾಸ್ತರರು 'ಸಾ ಎಲ್ಲಿ ಹಿಡೀಲಿ?' ಎಂದು ಕೇಳುತ್ತಿದ್ದುದು ಇದೇ ಲೆಕ್ಕವಲ್ಲವೇ? ಅವತ್ತಿನವರೆಗೆ ಪರಿಚಯವೇ ಇಲ್ಲದ ನಾಲ್ವರು ವೇದಿಕೆ ಹತ್ತಿ ನಾಲ್ಕು ತಾಸು ತಡವರಿಸದೆ ನುಡಿಸುವುದು ಇದರಿಂದಲೇ.

ಆದರೆ ರಾತ್ರಿ ಹನ್ನೊಂದರವರೆಗೂ ಕೇಳಿದ್ದೆಲ್ಲ ಬೇರೆಯವರ ಹಾಡೇ. ಬಕೆಟ್ಟಿಗೆ ನೋಟು ಬೀಳುವುದು ಜನಕ್ಕೆ ಗೊತ್ತಿರುವ ಹಾಡಿಗೆ ಮಾತ್ರ.

ಎರಡನೆಯ ದಿನ, ಶುಕ್ರವಾರ

ಬೆಳಿಗ್ಗೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಎಂಬ ಮ್ಯೂಸಿಯಂ. ಚಿನ್ನದ ಕಾರುಗಳನ್ನೂ ಮಿಂಚಿನ ಕೋಟುಗಳನ್ನೂ ಬೇಗ ದಾಟಿ, ಕಂಟ್ರಿಯ ಮೊದಲ ತಲೆಮಾರಿನ ಮೇಬೆಲ್ ಕಾರ್ಟರ್ ನುಡಿಸುತ್ತಿದ್ದ 1928ರ ಗಿಬ್ಸನ್ ಎಲ್-5 ಗಿಟಾರಿನ ಮುಂದೆ ನಿಂತೆವು. ಹೆಬ್ಬೆರಳಲ್ಲಿ ಮಂದ್ರದ ತಂತಿಗಳ ಮೇಲೆ ರಾಗ, ತೋರುಬೆರಳಲ್ಲಿ ಮೇಲಿನ ತಂತಿಗಳ ಮೇಲೆ ತಾಳ. ಒಬ್ಬಳೇ ಇಬ್ಬರ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ರೈಮನ್ ಸಭಾಂಗಣ. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದು, 1943ರಿಂದ 1974ರವರೆಗೆ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮದ ಮನೆ. ಇವತ್ತಿಗೂ ಕೂರಲು ಚರ್ಚಿನ ಬೆಂಚುಗಳೇ. ಬೆನ್ನು ನೋವು ಇರುವವರು ಯೋಚಿಸಿ ಟಿಕೆಟ್ ಕೊಳ್ಳಿ.

ಆಮೇಲೆ ಊರ ಹೊರಗಿನ ಹೆಂಡರ್ಸನ್‌ವಿಲ್. ಅಲ್ಲಿ ನೋಡಲು ಏನೂ ಉಳಿದಿಲ್ಲ, ಅದನ್ನೇ ನೋಡಲು ಹೋದದ್ದು. ಕಂಟ್ರಿ ಗಾಯಕ ಜಾನಿ ಕ್ಯಾಶ್ ತನ್ನ ಕೊನೆಗಾಲದಲ್ಲಿ ಹಾಡಿದ 'ಹರ್ಟ್' ಹಾಡಿನ ವಿಡಿಯೊವನ್ನು ಮಾರ್ಕ್ ರೋಮನೆಕ್ ಚಿತ್ರಿಸಿದ್ದು ಇಲ್ಲಿಯ ಅವನ ಮನೆಯಲ್ಲಿ, ಮುಚ್ಚಿ ಹಾಳುಬಿದ್ದಿದ್ದ ಅವನದೇ ಮ್ಯೂಸಿಯಮ್ಮಿನಲ್ಲಿ. ಹಾಡು ಮೂಲತಃ ನೈನ್ ಇಂಚ್ ನೈಲ್ಸ್ ಎಂಬ ರಾಕ್ ತಂಡದ್ದು, ಯುವಕನೊಬ್ಬನ ಒಳಗುದಿಯದು. ಒಂದು ಸಾಲನ್ನೂ ಹೆಚ್ಚುಕಮ್ಮಿ ಬದಲಿಸದೆ, ಒಡೆದ ಗಾಜಿನ ಚೌಕಟ್ಟು, ಹಣ್ಣು ತುಂಬಿದ ಊಟದ ಮೇಜು, ನಡುಗುವ ಕೈಯಿಂದ ಚೆಲ್ಲುವ ದ್ರಾಕ್ಷಾರಸ, ಮೆಟ್ಟಿಲ ಮೇಲೆ ನಿಂತು ಗಂಡನನ್ನೇ ನೋಡುವ ಜೂನ್, ಇಷ್ಟನ್ನು ತೋರಿಸಿ ಅದನ್ನು ಮುದುಕನೊಬ್ಬನ ಹಾಡಾಗಿಸಿದರು. ಜೂನ್ ಮೇಬೆಲ್ ಕಾರ್ಟರಳ ಮಗಳು. 2003ರ ಮೇ ತಿಂಗಳಲ್ಲಿ ಅವಳು ಹೋದಳು, ಸೆಪ್ಟೆಂಬರಿನಲ್ಲಿ ಅವನು. 2007ರಲ್ಲಿ ಆ ಮನೆಯೂ ಸುಟ್ಟುಹೋಯಿತು.

ಅಲ್ಲಿಂದ ನಾಕ್ಸ್‌ವಿಲ್‌ಗೆ ಮೂರು ತಾಸು. ದಾರಿಯುದ್ದಕ್ಕೂ ನಮ್ಮಿಬ್ಬರ ನಡುವೆ ಒಂದೇ ವಾದ: ಹಾಡು ಹೇಳದ್ದನ್ನು ವಿಡಿಯೊ ಹೇಳಬೇಕೇ? ಕಂಟ್ರಿ ವಿಡಿಯೊಗಳಿಗೆಂದೇ ಟಿವಿ ವಾಹಿನಿ ಶುರುವಾದದ್ದು 1983ರ ಮಾರ್ಚಿನಲ್ಲಿ. ಮೊದಮೊದಲು ಟೋಪಿ ಹಾಕಿಕೊಂಡು ಬೇಲಿಗೊರಗಿ ಹಾಡಿದರೆ ಸಾಕಿತ್ತು. 1991ರಲ್ಲಿ ಗಾರ್ತ್ ಬ್ರೂಕ್ಸ್‌ನ 'ದ ಥಂಡರ್ ರೋಲ್ಸ್' ಬಂತು. ಮಳೆಗಾಲದ ರಾತ್ರಿ, ಬೇರೊಬ್ಬಳ ಮನೆಯಿಂದ ತಡವಾಗಿ ಬರುವ ಗಂಡ, ಬಾಗಿಲಲ್ಲಿ ಕಾದ ಹೆಂಡತಿ. ಅವನ ಮೈಯಿಂದ ಹೊಮ್ಮುವ ಪರಿಮಳ ತನ್ನದಲ್ಲ ಎಂದು ಅವಳಿಗೆ ತಿಳಿಯುತ್ತದೆ. ರೆಕಾರ್ಡಿನಲ್ಲಿ ಹಾಡು ಅಲ್ಲಿಗೇ ನಿಲ್ಲುತ್ತದೆ. ಅವಳು ಪಿಸ್ತೂಲು ತೆಗೆಯುವ ಮೂರನೆಯ ಚರಣವೊಂದಿತ್ತು, ಆಲ್ಬಮ್ಮಿನಲ್ಲಿ ಅದನ್ನು ಬಿಟ್ಟಿದ್ದರು. ವಿಡಿಯೊ ಆ ಬಿಟ್ಟ ಜಾಗವನ್ನೇ ತುಂಬಿತು: ಗಂಡ ಹೊಡೆಯುತ್ತಾನೆ, ಹೆಂಡತಿ ಗುಂಡು ಹಾರಿಸುತ್ತಾಳೆ. ಎರಡು ದೊಡ್ಡ ಕಂಟ್ರಿ ವಾಹಿನಿಗಳು ಅದನ್ನು ತೋರಿಸುವುದನ್ನೇ ನಿಲ್ಲಿಸಿದವು. ಆ ವರ್ಷದ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ವಿಡಿಯೊ ಪ್ರಶಸ್ತಿ ಬಂದದ್ದೂ ಅದಕ್ಕೇ.

ನನ್ನ ವಾದ, ಹಾಡು ಬಾಯಿ ಮುಚ್ಚಿದ ಕಡೆ ವಿಡಿಯೊ ಬಾಯಿ ತೆರೆಯಬಾರದು ಎಂದು. ಪರಿಮಳದವರೆಗೆ ತಂದು ಬಿಟ್ಟರೆ ಮುಂದಿನದು ಕೇಳುವವನ ಪಾಲು. "ಹಾಂಗಾರ ಆ ಹೆಂಗಸು ಹೊಡಿಸಿಕೊಂಡಿದ್ದು ಯಾರಿಗೆ ಗೊತ್ತಾಕ್ಕಿತ್ರೀ?" ಎಂದಳು ನಮ್ಮಾಕಿ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕ್ರಾಸ್‌ವಿಲ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಡಿಯಾರ ತನ್ನ ಒಂದು ತಾಸನ್ನು ವಾಪಸ್ ಕಿತ್ತುಕೊಂಡಿತು.

ಮೂರನೆಯ ದಿನ, ಶನಿವಾರ

ಬ್ರಿಸ್ಟಲ್ ಊರಿನ ಮುಖ್ಯ ಬೀದಿಯ ಹೆಸರು ಸ್ಟೇಟ್ ಸ್ಟ್ರೀಟ್. ಬೀದಿಯ ನಟ್ಟನಡುವೆ ಹಿತ್ತಾಳೆಯ ಗುರುತು ನೆಟ್ಟಿದ್ದಾರೆ, ಒಂದು ಬದಿ ಟೆನೆಸಿ, ಇನ್ನೊಂದು ಬದಿ ವರ್ಜೀನಿಯಾ. ನಮ್ಮಾಕಿ ಎರಡು ರಾಜ್ಯಕ್ಕೆ ಒಂದೊಂದು ಕಾಲಿಟ್ಟು ಫೋಟೊ ತೆಗೆಸಿಕೊಂಡಳು. ಹಿಂದಿದ್ದ ಟ್ರಕ್ಕಿನವ ಹಾರ್ನ್ ಹೊಡೆಯದೆ ಕಾದ. ದಿನಕ್ಕೆ ಎಷ್ಟು ಜನರಿಗೆ ಕಾಯುತ್ತಾನೋ.

1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ಈ ಬೀದಿಯ ಟೋಪಿ ಕಂಪನಿಯ ಕಟ್ಟಡವೊಂದರಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಯ ರಾಲ್ಫ್ ಪಿಯರ್ ಹಾಡು ಹಿಡಿದಿಡುವ ಯಂತ್ರ ಹೂಡಿಕೊಂಡು ಕೂತಿದ್ದ. ಕಟ್ಟಡ ಈಗಿಲ್ಲ. ಬಂದವರು 19 ತಂಡ, ಹಿಡಿದಿಟ್ಟದ್ದು 76 ಹಾಡು. ಮೊದಲ ದಿನಗಳಲ್ಲಿ ಹೆಚ್ಚು ಜನ ಸುಳಿಯಲಿಲ್ಲ. ಅರ್ನೆಸ್ಟ್ ಸ್ಟೋನ್‌ಮನ್ ಎಂಬ ಬಡಗಿ ಹಾಡಿ ಎಷ್ಟು ದುಡ್ಡು ಎಣಿಸುತ್ತಿದ್ದಾನೆ ಎಂದು ಊರಿನ ಪತ್ರಿಕೆ ಬರೆದದ್ದೇ ತಡ, ಗುಡ್ಡಗಾಡಿನವರೆಲ್ಲ ಫಿಡಲ್ ಬ್ಯಾಂಜೊ ಹೆಗಲಿಗೇರಿಸಿಕೊಂಡು ಇಳಿದು ಬಂದರಂತೆ. ಒಂದು ಹಾಡಿಗೆ ಪಿಯರ್ ಕೊಡುತ್ತಿದ್ದದ್ದು 50 ಡಾಲರ್.

ಹೀಗೆ ಬಂದವರಲ್ಲಿ ಕಾರ್ಟರ್ ಕುಟುಂಬವೂ ಒಂದು. ಎ.ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ 18 ವರ್ಷ, ದಿನ ತುಂಬುತ್ತ ಬಂದ ಬಸುರಿ. ಸಾರಾಳ ಕಂಕುಳಲ್ಲಿ ಕೂಸು. ತಮ್ಮನ ಕಾರು ಕೇಳಿ ತಂದು, ಕಚ್ಚಾ ರಸ್ತೆಯಲ್ಲಿ ಪಂಕ್ಚರ್ ಹಾಕಿಸಿಕೊಳ್ಳುತ್ತ 25 ಮೈಲಿ ಬಂದು, ಎರಡು ದಿನದಲ್ಲಿ ಆರು ಹಾಡು ಹಾಡಿ ಊರಿಗೆ ಮರಳಿದರು. ಅದೇ ವಾರ ಜಿಮ್ಮಿ ರಾಜರ್ಸ್ ಬಂದ. ಜೊತೆಗಾರರು ಜಗಳವಾಡಿ ಬಿಟ್ಟುಹೋಗಿದ್ದರಿಂದ ಒಬ್ಬನೇ ಗಿಟಾರ್ ಹಿಡಿದು ಹಾಡಿದ. ಅವನ ಮೊದಲ ರೆಕಾರ್ಡು ಫ್ರಾನ್ಸಿನ ಯುದ್ಧದಲ್ಲಿ ಸತ್ತ ಸೈನಿಕ ಮತ್ತು ಅವನಿಗಾಗಿ ಕಾದವಳ ಕಥೆ.

ಊರಿನ ಕಂಟ್ರಿ ಸಂಗೀತದ ಮ್ಯೂಸಿಯಮ್ಮಿನಲ್ಲಿ, ಅದು 2014ರಲ್ಲಿ ತೆರೆದದ್ದು, ಆ ಹಾಡನ್ನು ಕಿವಿಗೆ ಹಾಕಿಕೊಂಡು ಕೇಳುವಾಗ ನನಗೆ ನೆನಪಾದದ್ದು 2004ರ ಒಂದು ವಿಡಿಯೊ. ಬ್ರ್ಯಾಡ್ ಪೇಸ್ಲಿ ಮತ್ತು ಆಲಿಸನ್ ಕ್ರೌಸ್ ಹಾಡಿದ 'ವಿಸ್ಕಿ ಲಲಬೈ'. ಪ್ರೀತಿ ಮುರಿದು ಕುಡಿದೇ ಸತ್ತ ಗಂಡು, ಆ ಕೊರಗಿನಲ್ಲಿ ಕುಡಿದೇ ಸತ್ತ ಹೆಣ್ಣು. ಹಾಡಿನಲ್ಲಿ ಸೈನಿಕನ ಸುಳಿವೇ ಇಲ್ಲ. ನಟ ರಿಕ್ ಶ್ರೋಡರ್ ತಾನೇ ನಿರ್ದೇಶಿಸಿ, ತಾನೇ ಆ ಗಂಡಸಾಗಿ ಸಮವಸ್ತ್ರ ಧರಿಸಿ ಯುದ್ಧದಿಂದ ಮನೆಗೆ ಬರುತ್ತಾನೆ. ಒಂದು ಯೂನಿಫಾರ್ಮ್ ಸಾಕಾಯಿತು, ಹಾಡು ಬ್ರಿಸ್ಟಲ್‌ನ ಹಳೆಯ ಸೈನಿಕನ ಬಳಗಕ್ಕೆ ಸೇರಿಹೋಯಿತು. ಹಾಡು ಹೇಳದ್ದನ್ನು ವಿಡಿಯೊ ಹೇಳಬಾರದು ಎಂದು ಹಿಂದಿನ ದಿನ ವಾದಿಸಿದ್ದ ನಾನು ಇದನ್ನು ನಮ್ಮಾಕಿಗೆ ತಿಳಿಸಲಿಲ್ಲ.

ಸಂಜೆ ಕಾರ್ಟರ್ ಕುಟುಂಬದವರ ಹಾಡಿನ ಮನೆ, ಕಾರ್ಟರ್ ಫೋಲ್ಡ್. ಹಿಲ್ಟನ್ಸ್ ದಾಟಿ ಪೂರ್ ವ್ಯಾಲಿ ಎಂಬ ಕಣಿವೆಯಲ್ಲಿದೆ. ಎ.ಪಿ.ಯ ಮಗಳು ಜಾನೆಟ್ 1974ರಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಶುರು ಮಾಡಿದ ಶನಿವಾರದ ಸಂಗೀತ ಇವತ್ತಿಗೂ ನಡೆದಿದೆ. ಮದ್ಯ ಇಲ್ಲ, ಕರೆಂಟಿನ ವಾದ್ಯ ಇಲ್ಲ. ವಿನಾಯಿತಿ ಇದ್ದದ್ದು ಮನೆ ಅಳಿಯ ಜಾನಿ ಕ್ಯಾಶ್‌ಗೆ. ಅವನು ಜನರೆದುರು ಕೊನೆಯ ಸಲ ಹಾಡಿದ್ದೂ ಇಲ್ಲೇ, 2003ರ ಜುಲೈ 5ರಂದು.

ಗೋಡೆಯ ಹಳೆಯ ಫೋಟೊಗಳನ್ನು ನೋಡುವಾಗ ನನಗೆ ನೆನಪಾದವನು ಲೆಸ್ಲಿ ರಿಡಲ್. ಎ.ಪಿ. ಹಾಡು ಹುಡುಕುತ್ತ ಊರೂರು ಅಲೆದಾಗ ಜೊತೆಗಿದ್ದ ಕಪ್ಪು ಜನಾಂಗದ ಗಿಟಾರ್ ವಾದಕ. ಒಂದು ಕಾಲಿರಲಿಲ್ಲ. ಎ.ಪಿ. ಸಾಹಿತ್ಯ ಬರೆದುಕೊಂಡರೆ ರಾಗ ನೆನಪಿಟ್ಟುಕೊಂಡು ಬರುವುದು ರಿಡಲ್‌ನ ಕೆಲಸ. ಹಾಡಿಗೆ ಹೆಸರು ಬಿದ್ದದ್ದು ಮಾತ್ರ ಎ.ಪಿ.ಯದು. ನಮ್ಮ ಜಾನಪದ ಸಂಗ್ರಹಗಳ ಮುಖಪುಟದಲ್ಲೂ ಹಾಡಿದ ಅಜ್ಜಿಯ ಹೆಸರು ಎಷ್ಟು ಸಲ ಬಂದಿದೆ ಹೇಳಿ.

ಊಟಕ್ಕೆ ಬೀನ್ಸ್ ಸಾರು, ಜೋಳದ ಬ್ರೆಡ್. ಸಾರಿನಲ್ಲಿ ಹಂದಿ ಮೂಳೆ ಇದೆಯೇ ಎಂದು ಕೇಳಿದೆ. ಬಡಿಸುತ್ತಿದ್ದ ಅಜ್ಜಿ "ಇಲ್ಲದೆ ಇರತದೇನು?" ಎಂಬಂತೆ ನೋಡಿದರು. ಬರೀ ಬ್ರೆಡ್ ತಿಂದು ಕೂತೆವು. ಹಾಡು ಏರುತ್ತಿದ್ದಂತೆ ವೇದಿಕೆಯ ಮುಂದಿನ ಹಲಗೆ ನೆಲದ ಮೇಲೆ ಬೂಟಿನಡಿಗೆ ಲೋಹದ ತಟ್ಟೆ ಹೊಡೆಸಿಕೊಂಡ ಮುದುಕರು ಇಳಿದರು. ಸೊಂಟದ ಮೇಲೆ ದೇಹ ಅಲುಗುವುದಿಲ್ಲ, ಕೆಳಗೆ ಕಾಲು ಮಾತ್ರ ಹಲಗೆಯ ಮೇಲೆ ತಾಳ ಕುಟ್ಟುತ್ತದೆ. ಎಂಬತ್ತರ ಹತ್ತಿರದ ಒಬ್ಬರು ಬಂದು ನಮ್ಮಾಕಿಯ ಮುಂದೆ ಟೋಪಿ ತೆಗೆದು ಬಾಗಿದರು. ಹೋದಳು! ಹಂತಿ ಪದಕ್ಕೆ ಹೆಜ್ಜೆ ಹಾಕಿ ಗೊತ್ತಿದ್ದ ಕಾಲು, ಎರಡು ಸುತ್ತಿನಲ್ಲಿ ಹಿಡಿದುಕೊಂಡುಬಿಟ್ಟಿತು.

ನಾಲ್ಕನೆಯ ದಿನ, ಭಾನುವಾರ

ಹಿಲ್ಟನ್ಸ್‌ನಿಂದ ಉತ್ತರಕ್ಕೆ 23ನೇ ಹೆದ್ದಾರಿ. ಗುಡ್ಡ ಕಡಿದು ಮಾಡಿದ ರಸ್ತೆ, ಎರಡೂ ಬದಿ ಮರಗಳ ಮೇಲೆ ಕುಡ್ಜು ಬಳ್ಳಿ ಹೊದಿಕೆ ಹೊದಿಸಿದಂತೆ ಹಬ್ಬಿತ್ತು. ಕಲ್ಲಿದ್ದಲು ಸುರಿಯುವ ಹಳೆಯ ತುಕ್ಕಿನ ಗೋಪುರಗಳು ನಡುನಡುವೆ ಇಣುಕುತ್ತಿದ್ದವು.

ಸ್ಟೀಲಪ್ಪನ ದೊಡ್ಡಮ್ಮನ ಮನೆ ಗುಡ್ಡದ ಮಡಿಲಲ್ಲಿದೆ. ಹತ್ತೂವರೆಗೆ ಹೋದಾಗ ಅಂಗಳ ತುಂಬ ವೈರು. ನಿರ್ದೇಶಕಿ ಈಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ಅವಳ ಹತ್ತಿರ ಒಂದು ಕ್ಯಾಮೆರಾ, ಒಂದು ಡ್ರೋನ್, ಎರಡು ದೀಪ. ಬೆಳಕು ತಿರುಗಿಸಲು ಬಿಳಿ ಥರ್ಮೋಕೋಲ್ ಹಲಗೆ, ಅದನ್ನು ಹಿಡಿಯಲು ಬಂದ ಕೂಡಲೇ ನನ್ನನ್ನು ನೇಮಿಸಿಕೊಂಡಳು. ಮೇಕಪ್ಪಿಗೆ ಗಾಯಕನ ಹೆಂಡತಿ. ಟ್ರಕ್ಕು ಎದುರು ಮನೆಯವರದು, ಸಂಜೆ ಆರರೊಳಗೆ ವಾಪಸ್ ಕೊಡಬೇಕು.

ಹಾಡಿನ ಕಥೆ ಹೀಗೆ. ಗಣಿಗೆ ಹೋಗುವ ಅಪ್ಪ. ಇಲ್ಲಿಯ ಗಣಿ ಕಾರ್ಮಿಕರ ಬುತ್ತಿ ಡಬ್ಬಿ ದುಂಡಗಿನ ಅಲ್ಯುಮಿನಿಯಂ ಡಬ್ಬಿ, ಕೆಳಗಿನ ಪಾತ್ರೆಯಲ್ಲಿ ಕುಡಿಯುವ ನೀರು, ಅದರ ಮೇಲೆ ಊಟ, ತುದಿಯ ತಟ್ಟೆಯಲ್ಲಿ ಸಿಹಿ. ಎಷ್ಟು ಹಸಿದಿದ್ದರೂ ಅಪ್ಪ ಡಬ್ಬಿಯಲ್ಲಿ ಒಂದು ತುಣುಕು ಸಿಹಿ ಉಳಿಸಿಕೊಂಡು ಬರುತ್ತಾನೆ, ಹುಡುಗ ಬಾಗಿಲಲ್ಲೇ ಡಬ್ಬಿ ಕಸಿದುಕೊಂಡು ತಿನ್ನುತ್ತಾನೆ. ಕೊನೆಯ ಚರಣದಲ್ಲಿ ಡಬ್ಬಿಯನ್ನು ಬೇರೆ ಯಾರೋ ತಂದು ಅಡುಗೆಮನೆಯ ಮೇಜಿನ ಮೇಲಿಡುತ್ತಾರೆ. ಅವತ್ತು ಡಬ್ಬಿ ಭಾರವಾಗಿರುತ್ತದೆ. ಅಷ್ಟೇ, ಹಾಡು ಮುಗಿಯಿತು.

ಸ್ಟೀಲಪ್ಪ ಇದನ್ನು ಹೇಳಿದಾಗ ನಮ್ಮಾಕಿ ಸುಮ್ಮನೆ ನಿಂತಳು. ಆಮೇಲೆ ನನಗೆ ಮಾತ್ರ ಕೇಳುವಂತೆ, "ನಮ್ಮಪ್ಪ ಹೊಲದಿಂದ ಬರುವಾಗ ಬುತ್ತಿ ಗಂಟಿನಾಗ ಅರ್ಧ ರೊಟ್ಟಿ ಉಳಿಸಿಕೊಂಡು ಬರ್ತಿದ್ರು" ಎಂದಳು. "ಮನ್ಯಾಗ ಬುಟ್ಟಿ ತುಂಬ ರೊಟ್ಟಿ ಇರ್ತಿದ್ವು. ಆದ್ರೂ ಆ ಒಣ ರೊಟ್ಟಿಗೇ ನಾವು ಹೊಡೆದಾಡತಿದ್ವಿ."

ಮಧ್ಯಾಹ್ನದವರೆಗೆ ಬ್ಯಾಂಡ್ ನುಡಿಸುವ ದೃಶ್ಯಗಳು. ಮೊದಲೇ ರೆಕಾರ್ಡಾದ ಹಾಡನ್ನು ಸ್ಪೀಕರಿನಲ್ಲಿ ಹಾಕಿ, ಅದಕ್ಕೆ ಬಾಯಿ, ಬೆರಳು ಹೊಂದಿಸುವುದು. ನಿಧಾನಗತಿಯ ದೃಶ್ಯಕ್ಕೆ ಬೇರೆ ಉಪಾಯ: ಹಾಡನ್ನು ದುಪ್ಪಟ್ಟು ವೇಗದಲ್ಲಿ ಓಡಿಸುತ್ತಾರೆ, ಗಾಯಕ ಅಷ್ಟೇ ವೇಗದಲ್ಲಿ ಬಾಯಾಡಿಸುತ್ತಾನೆ, ಕ್ಯಾಮೆರಾವೂ ದುಪ್ಪಟ್ಟು ಚೌಕಟ್ಟು ಹಿಡಿಯುತ್ತದೆ. ಆಮೇಲೆ ಚಿತ್ರವನ್ನು ಮಾಮೂಲಿ ವೇಗಕ್ಕೆ ಇಳಿಸಿದಾಗ ಕೂದಲು, ಹೊಗೆ, ಕೈ ಎಲ್ಲ ನಿಧಾನವಾದರೂ ತುಟಿ ಮಾತ್ರ ಹಾಡಿನೊಂದಿಗೆ ಸರಿಯಾಗಿ ಕೂಡುತ್ತದೆ. ಅಪ್ಪ ಸತ್ತ ಚರಣವನ್ನು ಗಿಳಿಮರಿ ಕೂಗಿದ ಹಾಗೆ ಕೇಳುತ್ತ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಾಯಕ ಮಾತ್ರ ಮುಖ ಬಿಗಿದುಕೊಂಡು ಅಳು ನಟಿಸಬೇಕು. ಹದಿನಾರನೆಯ ಸಲಕ್ಕೆ ಸರಿಯಾಯಿತು.

ಸ್ಟೀಲಪ್ಪನನ್ನು ಅವನ ವಾದ್ಯದ ಮುಂದೆ ನೋಡಿದ್ದು ಅವತ್ತೇ ಮೊದಲು. ನಾಲ್ಕು ಕಾಲಿನ ಸಣ್ಣ ಮೇಜಿನಂತಿದೆ. ಹತ್ತು ತಂತಿ, ಎಡಗೈಯಲ್ಲಿ ಉಕ್ಕಿನ ಗುಂಡುಗೋಲು, ಬಲಗೈ ಬೆರಳಿಗೆ ನಖಿ, ಪಾದಕ್ಕೆ ಪೆಡಲು, ಮೊಣಕಾಲಿಗೆ ಸನ್ನೆ. ದೇಹದ ನಾಲ್ಕು ಅವಯವಕ್ಕೂ ಬೇರೆ ಬೇರೆ ಕೆಲಸ. ಸ್ವರದಿಂದ ಸ್ವರಕ್ಕೆ ಜಾರುವ ಆ ಮೀಂಡು, ಚಿಕ್ಕಂದಿನಲ್ಲಿ ಆಕಾಶವಾಣಿಯಲ್ಲಿ ಕೇಳುತ್ತಿದ್ದ ಹವಾಯನ್ ಗಿಟಾರಿನದೇ ದಾಯಾದಿ. ಆಫೀಸಿನಲ್ಲಿ ಮೀಟಿಂಗಿನಲ್ಲಿ ತೂಕಡಿಸುವ ಮನುಷ್ಯ ಇವನೇನಾ ಅನ್ನಿಸಿತು.

ಮೂರು ಗಂಟೆಗೆ ಅಡುಗೆಮನೆಯ ದೃಶ್ಯ. ತಾಯಿಯ ಪಾತ್ರಕ್ಕೆ ದೊಡ್ಡಮ್ಮನೇ. ಎಪ್ಪತ್ತು ದಾಟಿದವರು. ವಯಸ್ಸು ಹೊಂದುವುದಿಲ್ಲವಲ್ಲ ಎಂದರೆ, ಮಗನಿಗೆ ನೆನಪು ಬರುವಾಗ ಅವನೂ ದೊಡ್ಡವನಾಗಿರುತ್ತಾನೆ, ತಾಯಿಗೂ ವಯಸ್ಸಾಗಿರುತ್ತದೆ ಎಂದಳು ನಿರ್ದೇಶಕಿ. ಜಾಣೆ. ಮೇಜಿನ ಮೇಲಿದ್ದದ್ದು ಬಾಡಿಗೆ ಡಬ್ಬಿಯಲ್ಲ, ದೊಡ್ಡಮ್ಮನ ಗಂಡನದು. ಅವರು ಗಣಿಯಲ್ಲಿ ಸಾಯಲಿಲ್ಲ, ಗಣಿಯ ಧೂಳು ಪುಪ್ಪುಸದಲ್ಲಿ ಕೂತು ಮನೆಯ ಮಂಚದ ಮೇಲೆ ವರ್ಷಗಟ್ಟಲೆ ಕೆಮ್ಮಿ ಹೋದವರು.

ನಿರ್ದೇಶಕಿಯ ಯೋಜನೆಯಲ್ಲಿ ತಾಯಿ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ, ಒಳಗೆ ಮುಟ್ಟದ ಊಟ ಕಾಣುತ್ತದೆ. ನಡುವೆ ಗಣಿಯ ಬಾಯಿ, ಓಡುವ ಜನ, ಆಂಬ್ಯುಲೆನ್ಸಿನ ಕೆಂಪು ದೀಪ. ದೊಡ್ಡಮ್ಮ ಡಬ್ಬಿಯ ಮೇಲೆ ಕೈಯಿಟ್ಟರು. ತೆಗೆಯಲಿಲ್ಲ. ಅವರು ಹೇಳಿದ್ದನ್ನು ಧಾರವಾಡದ ಕನ್ನಡದಲ್ಲೇ ಬರೆಯಬೇಕು, ಪುಸ್ತಕದ ಕನ್ನಡ ಆ ಗುಡ್ಡದ ಇಂಗ್ಲಿಷಿಗೆ ಒಗ್ಗುವುದಿಲ್ಲ: "ತಂಗಿ, ಅದರಾಗೇನೈತಿ ಅಂತ ಇಲ್ಲಿ ಎಲ್ಲಾರಿಗೂ ಗೊತ್ತೈತಿ. ಗೊತ್ತಿಲ್ಲದವರಿಗೆ ತೋರ್ಸಾಕ ನಾ ಇದನ್ನ ತೆಗಿಯಂಗಿಲ್ಲ."

ಅಡುಗೆಮನೆ ಗಪ್ಪಾಯಿತು. ನಾನು ಹಲಗೆ ಹಿಡಿದು ನಿಂತಿದ್ದೆ, ಬೆಳಕು ದೊಡ್ಡಮ್ಮನ ಮುಖದಿಂದ ಸರಿದು ಗೋಡೆಗೆ ಹೋದದ್ದೂ ಗೊತ್ತಾಗಲಿಲ್ಲ. ಹುಡುಗಿ ಮರು ಮಾತಾಡದೆ ಮುಚ್ಚಳದ ಮೇಲಿನ ಕೈಯನ್ನೇ ಹತ್ತಿರದಿಂದ ಹಿಡಿದಳು. ಆದರೆ ಆಂಬ್ಯುಲೆನ್ಸಿನ ಆಸೆ ಬಿಡಲಿಲ್ಲ. ಬ್ಯಾಂಡಿನ ಬಾಸ್ ವಾದಕ ಊರಿನ 'ಸ್ವಯಂಸೇವಕ' ಆಂಬ್ಯುಲೆನ್ಸ್ ದಳದಲ್ಲಿದ್ದಾನೆ. ಅವನ ಮಾತಿನ ಮೇಲೆ ನಾಲ್ಕೂವರೆಗೆ ಗಾಡಿ ಬಂದು ಅಂಗಳದಲ್ಲಿ ನಿಂತಿತು. ದೀಪ ಹಾಕಿದರು, ಡ್ರೋನ್ ಮೇಲೇರಿತು. ಆಗಲೇ ಗಾಡಿಯ ರೇಡಿಯೊ ಬಡಬಡಿಸಿತು, ಕೆಳಗಿನ ಊರಲ್ಲಿ ಯಾರಿಗೋ ಎದೆನೋವು. ಬಾಸ್ ವಾದಕ ಟೋಪಿ ಎಸೆದು ಗಾಡಿ ಹತ್ತಿದ, ಗಾಡಿ ಹೋಯಿತು, ಅವನೂ ಹೋದ. ಕತ್ತಲಾಗುವವರೆಗೂ ಬರಲಿಲ್ಲ. ಟ್ರಕ್ಕು ಮರಳಿಸುವ ಹೊತ್ತೂ ಆಯಿತು.

ಮೂರು ವಾರದ ಮೇಲೆ ಸ್ಟೀಲಪ್ಪ ವಿಡಿಯೊದ ಲಿಂಕ್ ಕಳಿಸಿದ. ಅದರಲ್ಲಿ ಗಣಿಯ ಬಾಯಿ ಇಲ್ಲ, ಕೆಂಪು ದೀಪ ಇಲ್ಲ. ಕೊನೆಯ ದೃಶ್ಯದಲ್ಲಿ ಬ್ಯಾಂಡ್ ನಾಲ್ಕೇ ಜನರದ್ದು, ದೊಡ್ಡ ಬಾಸ್ ವಾದ್ಯ ಬೇಲಿಗೊರಗಿ ಒಂಟಿಯಾಗಿ ನಿಂತಿದೆ. ನೋಡಿದವರೆಲ್ಲ ಅದಕ್ಕೆ ಏನೇನೋ ಅರ್ಥ ಹಚ್ಚುತ್ತಿದ್ದಾರಂತೆ. ಎದೆನೋವಿನವರು ಚೆನ್ನಾಗಿದ್ದಾರೆ.

ಐದನೆಯ ದಿನ, ಸೋಮವಾರ

ಪೌಂಡ್ ಗ್ಯಾಪ್ ಕಣಿವೆಯಲ್ಲಿ ಕೆಂಟಕಿಗೆ ಇಳಿದೆವು. ಇಲ್ಲಿಂದ 23ನೇ ಹೆದ್ದಾರಿಗೆ ಕಂಟ್ರಿ ಮ್ಯೂಸಿಕ್ ಹೈವೇ ಎಂದೇ ಹೆಸರು. ಹಾದಿಯ ಎಡಬಲದ ಕೌಂಟಿಗಳಲ್ಲಿ ಹುಟ್ಟಿದ ಇಲ್ಲವೇ ಬೆಳೆದ ಗಾಯಕರ ಹೆಸರು ಫಲಕದಲ್ಲಿ ಹಾಕಿದ್ದಾರೆ. ಡ್ವೈಟ್ ಯೋಕಮ್, ಪ್ಯಾಟಿ ಲವ್‌ಲೆಸ್, ರಿಕಿ ಸ್ಕ್ಯಾಗ್ಸ್, ಈಚೆಗೆ ಕ್ರಿಸ್ ಸ್ಟೇಪಲ್ಟನ್, ಟೈಲರ್ ಚಿಲ್ಡರ್ಸ್. ಒಂದು ಗಣಿ ಸೀಮೆಗೆ ಇಷ್ಟು ಗಂಟಲು ಎಲ್ಲಿಂದ ಬಂತೋ.

ಚಿಲ್ಡರ್ಸ್‌ನ 2023ರ 'ಇನ್ ಯುವರ್ ಲವ್' ವಿಡಿಯೊವನ್ನು ಬೆಳಗಿನ ತಿಂಡಿಯ ಹೊತ್ತಿಗೆ ನಮ್ಮಾಕಿಗೆ ತೋರಿಸಿದೆ. ಹಾಡಿನಲ್ಲಿ ಪ್ರೀತಿ ಇದೆ, ಹೇಸರಗತ್ತೆಯಂತೆ ದುಡಿಯುವ ಮಾತಿದೆ, ಹೆಸರಿಲ್ಲ, ಊರಿಲ್ಲ. ಕೆಂಟಕಿಯವರೇ ಆದ ಲೇಖಕ ಸೈಲಸ್ ಹೌಸ್ ಅದಕ್ಕೊಂದು ಕಥೆ ಬರೆದರು: 1950ರ ದಶಕ, ಗಣಿಯಲ್ಲಿ ದುಡಿಯುವ ಇಬ್ಬರು ಗಂಡಸರು ಪ್ರೀತಿಸುತ್ತಾರೆ, ಊರವರ ಹೊಡೆತ ತಿಂದು ದೂರದಲ್ಲಿ ಹೊಲ ಮಾಡಿ ಬಾಳುತ್ತಾರೆ, ಒಬ್ಬ ಪುಪ್ಪುಸದ ಕಾಯಿಲೆಯಲ್ಲಿ ಸಾಯುತ್ತಾನೆ. ಅವಳು ಪೂರ್ತಿ ನೋಡಿ, "ಆ ದೊಡ್ಡಮ್ಮನ ಗಂಡನ ಹಾಂಗ" ಎಂದಳು. ಎದುರಿನ ಮೇಜಿನವರು ತಿರುಗಿ ನೋಡಿದರು. ಫೋನಿನ ದನಿ ತಗ್ಗಿಸಿದೆ.

ಬುಚರ್ ಹಾಲರ್. ವ್ಯಾನ್ ಲಿಯರ್ ಗಣಿ ಊರಿನಾಚೆ, ಎದುರಿಂದ ಕಾರು ಬಂದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದಾದ ದಾರಿಯ ಕೊನೆಗೆ, ಏರಿನ ಮೇಲೆ ಹಲಗೆಯ ಮನೆ. ಕಂಟ್ರಿ ಗಾಯಕಿ ಲೊರೆಟ್ಟಾ ಲಿನ್ 1932ರಲ್ಲಿ ಹುಟ್ಟಿದಳು, ಇಲ್ಲೇ ಬೆಳೆದಳು. ಮನೆ ತೋರಿಸುವವರ ಕೆಳಗಿನ ಅಂಗಡಿಗೆ ಬಾಗಿಲು ಹಾಕಿತ್ತು, ಮನೆಯನ್ನು ಹೊರಗಿನಿಂದಲೇ ನೋಡಿದೆವು. ಗಣಿ ಕಾರ್ಮಿಕನ ಮಗಳು ನಾನು ಎಂದು ಅವಳು ಹಾಡಿ 1970ರಲ್ಲಿ ಹೊರಬಂದ ಹಾಡಿಗೆ ಬರೆಯುವಾಗ ಇನ್ನೂ ಹಲವು ಚರಣಗಳಿದ್ದವು. ಉದ್ದವಾಯಿತೆಂದು ನಿರ್ಮಾಪಕ ಓವನ್ ಬ್ರಾಡ್ಲಿ ಕತ್ತರಿಸಲು ಹೇಳಿದರು. ಆ ಕತ್ತರಿಸಿದ ಸಾಲುಗಳಲ್ಲಿ ಈ ಜಗಲಿಯ ಯಾವ ಮೂಲೆ ಇತ್ತೋ ಎಂದು ನಾನು ಹುಡುಕುತ್ತಿದ್ದರೆ ನಮ್ಮಾಕಿ ಇಷ್ಟು ಸಣ್ಣ ಮನೆಯಲ್ಲಿ ಎಂಟು ಮಕ್ಕಳು ಎಲ್ಲೆಲ್ಲಿ ಮಲಗುತ್ತಿದ್ದರು ಎಂದು ಲೆಕ್ಕ ಹಾಕುತ್ತಿದ್ದಳು.

ವಾಪಸ್ ದಾರಿ ಏಳು ತಾಸಿನದು. ನಾಕ್ಸ್‌ವಿಲ್ ದಾಟುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ, "ಆ ದೊಡ್ಡಮ್ಮ ಡಬ್ಬಿ ತೆಗಿಲಾರದ್ದು ಸರಿ ಅದ. ಆದ್ರ ಆ ಹುಡುಗ ತೆಗದೇ ತೆಗದಿರ್ತಾನ್ರೀ" ಎಂದಳು.

"ಯಾವ ಹುಡುಗ?"

"ಹಾಡಿನಾಗಿನ ಹುಡುಗ. ಎಲ್ಲಾರೂ ಅತ್ತು ಮಲಗಿದ ಮ್ಯಾಲ ಅವಗ ಹಸಿವಾಗಿರ್ತದ. ಅಪ್ಪ ಉಳಿಸಿದ್ದು ತನಗಂತನ ಅವ ತಿಳಕೊಂಡಿರ್ತಾನ. ತಿಂದಿರ್ತಾನ."

ಚಾಟನೂಗಾದ ಫಲಕ ಕಂಡಾಗ ಖಾನೆ ತೆಗೆದು, ನಾಲ್ಕು ದಿನದ ಹಿಂದಿನ ಅರ್ಧ ಮೂನ್‌ಪೈ ಹೊರತೆಗೆದು ಎರಡು ಮಾಡಿದಳು. ಬಿಸಿಲಿಗೆ ಚಾಕೊಲೇಟ್ ಕರಗಿ ಮತ್ತೆ ಗಟ್ಟಿಯಾಗಿ ಕಾಗದಕ್ಕೆ ಅಂಟಿತ್ತು. ಕಾಗದ ಬಿಡಿಸಿ ನನ್ನ ಪಾಲು ಕೈಗಿಟ್ಟಳು.